ನೆಲಕ್ಕೆ ಚೆಲ್ಲಿದ ಹುಸಿ

ನಮ್ಮ ಊರಿನಲ್ಲಿ ಊಟ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ಊಟ ಚೆನ್ನಾಗಿಯೇ ಇತ್ತು ಎಂದರ್ಥ. ಮಗು ಅಪ್ಪನ ಹಾಗಿದೆ ಎಂದರೆ ಅಪ್ಪನ ಹಾಗೇ ಇದೆ. ಬದನೆಕಾಯಿ ಹೇಗಿದೆ ಎಂದು ಕೇಳಿದರೆ ತರಕಾರಿಯವಳು, 'ಮೇಲಿನವು ಚೆನ್ನಾಗಿವೆ, ಕೆಳಗಿನವು ಹುಳುಕು, ನೀವು ಬರೋದು ಕಂಡು ಹಿಂಗೆ ಜೋಡಿಸಿದೆ' ಎನ್ನುತ್ತಾಳೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ನಮ್ಮನ್ನು ಸತ್ಯವಂತರು ಎಂದು ಹೊಗಳಿ ಹೋಗುವುದುಂಟು. ಅದು ತಪ್ಪು ತಿಳಿವಳಿಕೆ. ನಾವು ಸತ್ಯವಂತರಲ್ಲ, ಜಿಪುಣರು. ನಮ್ಮ ಕೆರೆಯ ಮೀನು ಸುಳ್ಳಿಗೆ ಮಾತ್ರ ಬಾಯಿ ಹಾಕುತ್ತದೆ. ಹಾಗಾಗಿ ನೆಲದ ಮೇಲೆ ಸುಳ್ಳು ಹೇಳಿ ಕಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಎರೆಹುಳು, ಹಿಟ್ಟಿನ ಉಂಡೆ ಯಾವುದೂ ಇಲ್ಲಿ ನಡೆಯದು. ಬಲೆ ಹಾಕಿದರೆ ಬಲೆ ತೊಳೆದಂತಾಗುತ್ತದೆ, ಅಷ್ಟೆ. ಗಾಳದ ತುದಿಗೆ ಮರದಲ್ಲೋ ತಗಡಿನಲ್ಲೋ ಮಾಡಿದ ಒಂದು ಹುಸಿಯನ್ನು ಕಟ್ಟಬೇಕು. ಅದು ನೀರಿಗೆ ಬಿದ್ದ ಮೇಲೆ ಇನ್ನೊಂದು ಹುಸಿಯನ್ನು ಬಾಯಿಬಿಟ್ಟು ಹೇಳಬೇಕು. ಕಟ್ಟುವುದಕ್ಕೂ ಹೇಳುವುದಕ್ಕೂ ನಮ್ಮಲ್ಲಿ ಒಂದೇ ಹೆಸರು. ಮೀನಿಗೆ ಒಮ್ಮೆ ಹೇಳಿದ್ದು ಎಂಜಲು. ಎರಡನೆಯ ಸಲ ಹೇಳಿದರೆ ಮೀನು ತಿರುಗಿಯೂ ನೋಡುವುದಿಲ್ಲ. ನೆಲದ ಮೇಲೆ ಹೇಳಿದ್ದಂತೂ ಅಲ್ಲಿಗೇ ಮುಗಿಯಿತು. ಅದನ್ನು 'ಚೆಲ್ಲುವುದು' ಎನ್ನುತ್ತಾರೆ. ಮಗು ಹಲಸಿನ ತೊಳೆ ತಿಂದು ಬಾಯೊರೆಸಿಕೊಂಡು ತಿಂದಿಲ್ಲ ಎಂದರೆ ಬೇರೆ ಊರಿನ ತಾಯಿ ಸುಳ್ಳು ಹೇಳಬೇಡ ಎಂದು ಗದರುತ್ತಾಳೆ. ನಮ್ಮ ಊರಿನ ತಾಯಿ ಹಣೆ ಚಚ್ಚಿಕೊಂಡು, 'ಹಾಳಾದವನೇ, ಇಷ್ಟು ಒಳ್ಳೇದನ್ನ ಚೆಲ್ಲಿಬಿಟ್ಟೆಯಲ್ಲೋ' ಎನ್ನುತ್ತಾಳೆ.

ನಾಳೆಯ ಮಾತಿಗೆ ಮೀನು ಬರುವುದಿಲ್ಲ. ಒಮ್ಮೆ ಚುನಾವಣೆಗೆ ನಿಂತವರೊಬ್ಬರು ದಂಡೆಯಲ್ಲಿ ಕೂತು ತಮ್ಮ ಆಶ್ವಾಸನೆಗಳನ್ನೆಲ್ಲ ಕೆರೆಗೆ ಹೇಳಿದರು. ಒಂದು ಗುಳ್ಳೆಯೂ ಏಳಲಿಲ್ಲ. ಅವರು ಅದನ್ನೇ ತಮ್ಮ ಪ್ರಾಮಾಣಿಕತೆಗೆ ಸಾಕ್ಷಿ ಎಂದು ಪ್ರಚಾರ ಮಾಡಿ ಗೆದ್ದರು. ಇನ್ನೊಬ್ಬರ ಸುಳ್ಳೂ ಆಗದು. ನಾನು ಏರಿಯ ಮೇಲಿರುವ ವಾಚನಾಲಯವನ್ನು ನೋಡಿಕೊಳ್ಳುವವಳು. ಬಂದ ಹೊಸದರಲ್ಲಿ ಕಾದಂಬರಿಗಳು ಭರದಿಂದ ಎರವಲು ಹೋಗುವುದನ್ನು ಕಂಡು ಊರಿನ ಸಾಹಿತ್ಯಾಭಿರುಚಿಗೆ ಮಾರುಹೋಗಿದ್ದೆ. ಎಲ್ಲರೂ ಅವುಗಳನ್ನು ದಂಡೆಗೆ ಒಯ್ದು ಗಟ್ಟಿಯಾಗಿ ಓದಿ, ಏನೂ ಸಿಗದೆ, ಒದ್ದೆ ಮಾಡಿಕೊಂಡು ಹಿಂದಕ್ಕೆ ತಂದರು. ಬರೆದವರೇ ಹೇಳಬೇಕು. ನನ್ನ ಅನುಭವವನ್ನೇ ಹೇಳುವುದಾದರೆ, ಪರಿಚಯದವರ ಕವನ ಸಂಕಲನಕ್ಕೆ ಒಂದು ಮುನ್ನುಡಿ ಬರೆದುಕೊಟ್ಟಿದ್ದೆ. ಅಚ್ಚಿಗೆ ಕಳಿಸುವ ಮೊದಲು ಒಂದು ಬೆಳಿಗ್ಗೆ ಅದನ್ನು ಕೆರೆಗೆ ಓದಿ ಹೇಳಿದೆ. ಮನೆಗೆ ಬರುವಾಗ ಬುಟ್ಟಿ ಹೊರಲು ಆಳು ಬೇಕಾಯಿತು.

ಎಲ್ಲ ಸುಳ್ಳೂ ಎಲ್ಲ ಕಾಲಕ್ಕೆ ಆಗುವುದಿಲ್ಲ ಎಂಬುದನ್ನು ಕಲಿಯಲು ಮಾತ್ರ ನನಗೆ ವರ್ಷಗಳು ಹಿಡಿದವು. ಚಳಿಗಾಲದಲ್ಲಿ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಗೆಂಡೆ ಮೀನುಗಳು ಮಡುವಿನ ತಳದಲ್ಲಿ ಜಡವಾಗಿ ನಿಂತಿರುತ್ತವೆ. ಆಗ ಗಿಣಿಯ ಪುಕ್ಕ ಕಟ್ಟಿದ ಸಣ್ಣ ಹುಸಿಯನ್ನು ನಿಧಾನವಾಗಿ ಎಳೆಯಬೇಕು, ನಂಬುವಂಥ ಸಣ್ಣ ಸುಳ್ಳನ್ನು ಮೆತ್ತಗೆ ಹೇಳಬೇಕು. ಮೂರು ಇಡ್ಲಿ ತಿಂದವನು ಎರಡು ತಿಂದೆ ಎನ್ನಬೇಕು. ಹತ್ತು ತಿಂದೆ ಎಂದರೆ ಗೆಂಡೆ ಬೆಚ್ಚಿ ಓಡುತ್ತದೆ. ಬೇಸಿಗೆಯಲ್ಲಿ ಬಾಳೆಮೀನಿನ ಸರದಿ. ಬಿಸಿಲೇರಿದ ಮೇಲೆ ಅದು ಆಳ ಬಿಟ್ಟು ಮೇಲೇಳುವುದಿಲ್ಲ. ಬೆಳಕು ಹರಿಯುವ ಮೊದಲು, ಇಲ್ಲವೇ ಹೊತ್ತು ಮುಳುಗುವಾಗ, ಹೊಳೆಯುವ ತಗಡಿನ ಹುಸಿಯನ್ನು ಆಳಕ್ಕೆ ಇಳಿಸಬೇಕು. ಅದಕ್ಕೆ ಹೇಳುವುದು ಹಳೆಯ, ಭಾರವಾದ ಸುಳ್ಳು, ತನಗೆ ತಾನೇ ಹೇಳಿಕೊಂಡು ಬಂದದ್ದು. ಹಾಗಾಗಿ ಬೇಸಿಗೆಯಲ್ಲಿ ಜನ ದೂರ ದೂರ ಕೂರುತ್ತಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸದಷ್ಟು ದೂರ. ಯಾರಿಗಾದರೂ ದೊಡ್ಡ ಬಾಳೆಮೀನು ಸಿಕ್ಕಿತೆಂದರೆ ಅವರ ಮನೆಯವರು ಒಂದೆರಡು ದಿನ ಅವರನ್ನು ಹೆಚ್ಚು ಮಾತಾಡಿಸುವುದಿಲ್ಲ.

ಮಳೆಗಾಲ ಬಂತೆಂದರೆ ಹಬ್ಬ. ಹೊಸ ನೀರು ಕೆಂಪಗೆ ನುಗ್ಗಿ ಬರುತ್ತದೆ, ಕೊರವ ಮೀನು ದಂಡೆಗೆ ಬಂದು ಜೊಂಡಿನಲ್ಲಿ ಮರಿ ಕಾಯುತ್ತ ಮೈಯೆಲ್ಲ ಸಿಟ್ಟಾಗಿ ನಿಂತಿರುತ್ತದೆ. ಆ ರಾಡಿಯಲ್ಲಿ ನಾಜೂಕು ಕೆಲಸಕ್ಕೆ ಬಾರದು. ಮರದ ಕಪ್ಪೆಯನ್ನು ಪಚ್ ಎಂದು ಬೀಳುವ ಹಾಗೆ ಎಸೆದು, ನಾಚಿಕೆ ಬಿಟ್ಟು ಬಡಾಯಿ ಕೊಚ್ಚಬೇಕು. ಆ ದಿನಗಳಲ್ಲಿ ವಾಚನಾಲಯದ ಕಿಟಕಿಯ ಬಳಿ ಕೂತರೆ ಏರಿಯುದ್ದಕ್ಕೂ ಚಕ್ರವರ್ತಿಗಳು, ಜಟ್ಟಿಗಳು, ಆನೆ ಪಳಗಿಸಿದವರು, ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಟ್ಟವರು ಕೂಗಾಡುವುದು ಕೇಳುತ್ತಿರುತ್ತದೆ. ಕೆರೆ ತುಂಬಿ ಕೋಡಿ ಹರಿದ ದಿನ ಎಲ್ಲವೂ ನಿಲ್ಲುತ್ತದೆ. ಅಲ್ಲಿಂದ ನೀರು ತಿಳಿಯಾಗುವವರೆಗೆ ಗಾಳ ಹಾಕುವಂತಿಲ್ಲ.

ಊರಿಗೆಲ್ಲ ಹುಸಿ ಮಾಡಿಕೊಡುವವನು ಪಾಲಾಕ್ಷ. ವಾಚನಾಲಯದ ಪಕ್ಕದ ಅವನ ಅಂಗಡಿಗೆ 'ಇಲ್ಲಿ ಎಲ್ಲ ಕಾಲದ ಹುಸಿಗಳೂ ಸಿಗುತ್ತವೆ' ಎಂಬ ಹಲಗೆಯಿದೆ. ಹೊರಗಿನವರು ಕೆಲವರು ಅದನ್ನು ಪತ್ರಿಕೆಯ ಕಚೇರಿ ಎಂದುಕೊಂಡು ಒಳಗೆ ಹೋಗಿದ್ದಾರೆ. ಹಾಲೆಮರದಲ್ಲಿ ಅವನು ಕೆತ್ತಿದ ಕಪ್ಪೆಗೆ ಹೊಟ್ಟೆಯಲ್ಲಿ ಹಳದಿ ಬಳಿದು ನೆಲದ ಮೇಲಿಟ್ಟರೆ ಬೆಕ್ಕು ಬಂದು ಹೊಂಚು ಹಾಕುತ್ತಿತ್ತು. ಆದರೆ ನಲವತ್ತು ದಾಟಿದ್ದ ಪಾಲಾಕ್ಷ ತಾನು ಕೆತ್ತಿದ ಯಾವ ಹುಸಿಯಿಂದಲೂ ಒಂದು ಮೀನೂ ಹಿಡಿದವನಲ್ಲ. ಕಟ್ಟುವ ಹುಸಿ ಅವನ ಕೈಯಲ್ಲಿತ್ತು, ಹೇಳುವ ಹುಸಿ ಬಾಯಿಗೆ ಬರುತ್ತಿರಲಿಲ್ಲ. ಇದರಿಂದ ಅವನಿಗೆ ಹೆಚ್ಚಿನ ತೊಂದರೆಯೇನೂ ಆಗಿರಲಿಲ್ಲ. ಮೀನು ತಿನ್ನಬೇಕೆನಿಸಿದರೆ ಏರಿಯ ಆ ತುದಿಯಲ್ಲಿ ಹೊನ್ನೂರಮ್ಮನ ಊಟದ ಮನೆಯಿತ್ತು.

ಹೊನ್ನೂರಮ್ಮ ಗಂಡ ಸತ್ತ ಮೇಲೆ ತಾನೇ ನಿಂತು ಅದನ್ನು ನಡೆಸುತ್ತಿದ್ದಳು. ಕೊರವವನ್ನು ಅವಳು ಹುರಿದ ಹಾಗೆ ಹುರಿಯುವವರಿಲ್ಲ, ಅದು ನಿಜ. ಅವಳ ಕೈಯಲ್ಲಿ ಉಪ್ಪು ಜಾಸ್ತಿ ಬೀಳುತ್ತದೆ, ಅದೂ ನಿಜ. ಅಳತೆಯ ಚಮಚ ಇಟ್ಟು ನೋಡಿದಳು, ಉಪ್ಪಿನ ಮಡಕೆಯನ್ನೇ ಬದಲಿಸಿದಳು. ಏನು ಮಾಡಿದರೂ ಸಾರು ಉಕ್ಕುವ ಹೊತ್ತಿಗೆ ಅವಳ ಕೈ ತನ್ನಷ್ಟಕ್ಕೆ ಇನ್ನೊಂದು ಚಿಟಿಕೆ ಎಂದು ಹೋಗಿ ಒಂದು ಹಿಡಿ ಹಾಕಿ ಬರುತ್ತಿತ್ತು. ಬೇರೆ ಊರಾಗಿದ್ದರೆ ಯಾರಾದರೂ ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಉಂಡು ಎದ್ದ ಪ್ರತಿಯೊಬ್ಬರೂ 'ಹೊನ್ನೂರಮ್ಮ, ಉಪ್ಪು ಜಾಸ್ತಿ' ಎಂದು, ನಮಸ್ಕಾರ ಹೇಳಿದಷ್ಟು ಸಹಜವಾಗಿ, ಹೇಳಿಯೇ ಹೋಗುತ್ತಿದ್ದರು. ಪಾಲಾಕ್ಷನೂ ದಿನಾ ಹೇಳುತ್ತಿದ್ದ. ಹೇಳಿ, ಎರಡು ಲೋಟ ಮಜ್ಜಿಗೆ ಕುಡಿದು, ಇನ್ನೊಂದು ಸಲ ಸಾರು ಹಾಕಿಸಿಕೊಳ್ಳುತ್ತಿದ್ದ. ಇದನ್ನು ವರ್ಷಗಟ್ಟಲೆ ನೋಡಿದ ಮೇಲೆ ಅವನು ಬರುವುದು ಮೀನಿಗಲ್ಲ ಎಂದು ಊರಿಗೆ ತಿಳಿಯಿತು, ಕಡೆಗೆ ಅವನಿಗೂ ತಿಳಿಯಿತು. ಊಟದ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮದುವೆಗೆ ಕೇಳಿದನಂತೆ. ಅವಳು ಒಲ್ಲೆ ಎನ್ನಲಿಲ್ಲವಂತೆ.

ಒಂದು ದಿನ ಅವಳು ಬಜ್ಜಿ ಕಟ್ಟಲು ಹಳೆಯ ಪತ್ರಿಕೆ ಕೇಳಿಕೊಂಡು ವಾಚನಾಲಯಕ್ಕೆ ಬಂದಳು. ಮಳೆ ಶುರುವಾಗಿ ಕೆಲವು ದಿನಗಳಾಗಿದ್ದವು.

'ನಮ್ಮ ತಮ್ಮ ಕರೀತಾವ್ನೆ ಅಕ್ಕೋರೆ,' ಎಂದಳು. 'ಬೆಟ್ಟದಾಚೆ ಅವನೂರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಜಾಗ ನೋಡಿದಾನಂತೆ. ಅಲ್ಲೇ ಬಂದು ಅಡುಗೆ ಮಾಡು ಅಂತಾನೆ. ಅಲ್ಲಿ ಉಂಡೋರು ಎದ್ದು ಹೋಗುವಾಗ ಊಟ ಚೆನ್ನಾಗಿತ್ತು ಅಂತ ಹೇಳಿ ಹೋಗ್ತಾರಂತೆ. ಚೆನ್ನಾಗಿಲ್ದೆ ಇದ್ರೂ!'

'ಅಂಥ ಮಾತು ಕಟ್ಟಿಕೊಂಡು ಏನು ಮಾಡ್ತೀಯೆ?'

'ಏನೂ ಮಾಡಕ್ಕಲ್ಲ. ಒಂದ್ಸಲ ಕೇಳ್ಬೇಕು ಅನ್ಸುತ್ತೆ. ನಿಮಗೇನು, ನೀವು ಉಪ್ಪು ಜಾಸ್ತಿ ಅಂದು ಪುಸ್ತಕ ಓದ್ತಾ ಕೂತ್ಕೋತೀರಿ. ನಾನು ರಾತ್ರಿ ದಿಂಬಿಗೆ ತಲೆ ಕೊಟ್ರೂ ಅದೇ ಕೇಳಿಸ್ತಾ ಇರುತ್ತೆ.'

'ಪಾಲಾಕ್ಷನೂ ಅದನ್ನೇ ಹೇಳ್ತಾನಲ್ಲ.'

'ಹೇಳ್ತಾರೆ. ಆದ್ರೆ ಅವರು ಅಂದಾಗ ಉಪ್ಪು ಅಷ್ಟೊಂದು ಜಾಸ್ತಿ ಇರಲ್ಲ.' ಹೇಳಿ, ತಾನು ಹೇಳಿದ್ದು ತನಗೇ ವಿಚಿತ್ರ ಅನಿಸಿ, ಪತ್ರಿಕೆಗಳನ್ನು ಮಡಚತೊಡಗಿದಳು. 'ಅವರು ಹೊಸಿಲಿಗೆ ಮೀನು ತರ್ಲಿ, ನಾನು ಎಲ್ಲಿಗೂ ಹೋಗಲ್ಲ. ಕೋಡಿ ಬೀಳೋವರೆಗೆ ಟೈಮ್ ಕೊಡು ಅಂತ ತಮ್ಮನಿಗೆ ಹೇಳಿದೀನಿ. ಕೋಡಿ ಬಿದ್ರೆ ಗಾಡಿ ತರ್ತೀನಿ ಅಂದವ್ನೆ.'

ಹೊಸಿಲು ಮೀನು ನಮ್ಮ ಊರಿನ ಪದ್ಧತಿ. ಮದುವೆ ಕೇಳುವವರು ತಮ್ಮದೇ ಹುಸಿಯಿಂದ ಹಿಡಿದ ಮೀನೊಂದನ್ನು ಹೊಸಿಲ ಮೇಲಿಡಬೇಕು, ಆ ಮನೆಯ ಒಲೆಯಲ್ಲಿ ಅದು ಬೇಯಬೇಕು. ಅದಿಲ್ಲದೆ ಯಾರೂ ಮದುವೆಗೆ ಬಂದು ನಿಲ್ಲುವುದಿಲ್ಲ.

'ಮೀನಿಲ್ಲದೆ ಆಗಲ್ವೇನೇ? ಎರಡನೇ ಮದುವೆ, ಯಾರು ಕೇಳ್ತಾರೆ?'

'ಎಲ್ಲಾದ್ರೂ ಉಂಟಾ? ಮೊದಲ್ನೋರು ಇಷ್ಟುದ್ದದ ಕೊರವ ತಂದಿದ್ರು. ನನಗೆ ಈಜು ಬರುತ್ತೆ ಅಂತ ಹೇಳಿ ಹಿಡಿದಿದ್ದು. ಆಮೇಲೆ ಸಾಯೋವರೆಗೂ ನೀರಿಗೆ ಇಳೀಲಿಲ್ಲ ಪುಣ್ಯಾತ್ಮ. ನಾನೂ ಒಂದಿನ ಕೇಳ್ಲಿಲ್ಲ.'

ಆವತ್ತಿನಿಂದ ನಾನೇ ಮುಂದಾಗಿ ಪಾಲಾಕ್ಷನನ್ನು ದಂಡೆಗೆ ಎಳೆದುಕೊಂಡು ಹೋಗತೊಡಗಿದೆ. ಓದಿದವರಿಗೆ ಸುಳ್ಳಿನ ಪರಿಚಯ ಹೆಚ್ಚು ಎಂಬ ಒಂದು ಹಮ್ಮು ನನಗಿತ್ತು. ಜೊಂಡಿನ ಪಕ್ಕ ಒಳ್ಳೆಯ ಜಾಗ ಹಿಡಿದು ಕೂತೆವು. ಅವನ ಕಪ್ಪೆ ನೀರಿಗೆ ಬಿದ್ದ ಸದ್ದಿಗೆ ನಿಜವಾದ ಕಪ್ಪೆಗಳೇ ಉತ್ತರ ಕೊಟ್ಟವು.

'ಈಗ ಹೇಳಿ, ನಾನು ಏಳು ಸಮುದ್ರ ದಾಟಿ ಬಂದವನು ಅಂತ,' ಎಂದೆ.

'ಸಮುದ್ರ ಹೆಂಗಿರುತ್ತೆ ಅಕ್ಕೋರೆ? ನೋಡ್ದೆ ಹೆಂಗೆ ದಾಟಿದೆ ಅನ್ನಲಿ?'

'ನೋಡದೇ ಇರೋದಕ್ಕೇ ಅದು ಸುಳ್ಳು. ಹೋಗ್ಲಿ, ಹುಲಿ ಹೊಡೆದಿದೀನಿ ಅನ್ನಿ.'

ಅವನು ಎದೆಯುಬ್ಬಿಸಿ, 'ನಾನು ಹುಲಿ ಹೊಡೆದಿದೀನಿ!' ಎಂದ. ಜೊಂಡಿನ ಬುಡದಲ್ಲಿ ನೀರು ಮೆಲ್ಲಗೆ ಉಬ್ಬಿತು. ಪಾಲಾಕ್ಷ ಒಂದು ಕ್ಷಣ ಯೋಚಿಸಿ, 'ಮರದ್ದು,' ಎಂದು ಸೇರಿಸಿದ. 'ಗೊಂಬೆ ಹುಲಿ. ಕೆತ್ತುವಾಗ ಉಳಿ ಜಾರಿ ಕಿವಿ ಹೊರಟೋಯ್ತು.' ಉಬ್ಬಿದ ನೀರು ಇಳಿಯಿತು.

ಅವನ ಕಾಯಿಲೆ ಅದು. ಯಾವ ಸುಳ್ಳು ಕೊಟ್ಟರೂ ಅದರೊಳಗೆ ಕೈ ಹಾಕಿ ಎಲ್ಲಾದರೂ ಒಂದು ನಿಜವನ್ನು ಹುಡುಕಿ ತೆಗೆಯುತ್ತಿದ್ದ. 'ನಾನು ರಾಜ' ಎಂದು ಹೇಳಿ, 'ನಮ್ಮನೆ ಕೋಳಿಗಳಿಗೆ' ಎನ್ನುತ್ತಿದ್ದ. 'ನನಗೆ ಕೆತ್ತನೆ ಬರುವುದಿಲ್ಲ' ಎನ್ನಿ, ಇದಕ್ಕಿಂತ ಅಪ್ಪಟ ಸುಳ್ಳಿಲ್ಲ ಎಂದೆ. ಹೇಳಿದ. ಮೀನು ಬರಲಿಲ್ಲ. ಪಾಪದವನು ಅದನ್ನು ಮನಸಾರೆ ನಂಬಿದ್ದ. ಅತ್ತ ಕಡೆ ಕೂತಿದ್ದ ಮಲಿಯಪ್ಪನವರು ಇದನ್ನೆಲ್ಲ ಕೇಳಿಸಿಕೊಂಡು ಛತ್ರಿಯ ಕೆಳಗೆ ನಗುತ್ತಿದ್ದರು. ಅವರು ದಂಡೆಯ ಯಜಮಾನರು. ಯಾರ ಜಾಗ ಎಲ್ಲಿ, ಯಾವ ಮೀನು ಯಾರದು ಎಂಬ ವ್ಯಾಜ್ಯಗಳು ಅವರಲ್ಲೇ ತೀರ್ಮಾನವಾಗುತ್ತವೆ.

'ಲೋ ಪಾಲಾಕ್ಷ,' ಎಂದು ಕೂಗಿದರು, 'ನಿನ್ನ ಹೊಟ್ಟೇಲಿ ಒಂದಾದ್ರೂ ಸುಳ್ಳಿಲ್ವೇನೋ? ನೀನು ಹುಟ್ಟಿದಾಗ ನಿಮ್ಮವ್ವ ಉಪವಾಸ ಇದ್ಲಾ?'

'ಇಲ್ಲ ಯಜಮಾನ್ರೇ, ಮುದ್ದೆ ಉಂಡಿದ್ದಳಂತೆ,' ಎಂದ ಪಾಲಾಕ್ಷ.

ಆಗ ನನಗೊಂದು ಹೊಳೆಯಿತು. ಇಷ್ಟು ಹತ್ತಿರವಿದ್ದದ್ದು ಮೊದಲೇ ಯಾಕೆ ಕಾಣಲಿಲ್ಲವೋ. 'ನೋಡಿ, ದಿನಾ ಹೊನ್ನೂರಮ್ಮನಿಗೆ ಉಪ್ಪು ಜಾಸ್ತಿ ಅಂತೀರಲ್ಲ. ಅದನ್ನೇ ತಿರುಗಿಸಿ. ಹೊನ್ನೂರಮ್ಮನ ಸಾರಿಗೆ ಉಪ್ಪು ಹದವಾಗಿದೆ ಅನ್ನಿ ಸಾಕು. ಅದರಲ್ಲಿ ನಿಜ ಎಷ್ಟು ಹುಡುಕಿದರೂ ನಿಮಗೆ ಸಿಗಲ್ಲ. ಕೊರವ ನೀರು ಬಿಟ್ಟು ನಿಮ್ಮ ತೊಡೆ ಮೇಲೆ ಬಂದು ಕೂರುತ್ತೆ.'

ಪಾಲಾಕ್ಷ ನನ್ನನ್ನು ನೋಡಿದ. ನಂತರ ದಾರ ಎಳೆದುಕೊಂಡು ಕಪ್ಪೆಯ ಮೈಗೆ ಹತ್ತಿದ್ದ ಪಾಚಿಯನ್ನು ಉಗುರಿನಿಂದ ತೆಗೆಯತೊಡಗಿದ.

'ಅದು ಬ್ಯಾಡ ಅಕ್ಕೋರೆ.'

'ಯಾಕೆ?'

'ಅದೊಂದು ಬ್ಯಾಡ. ಬೇರೆ ಯಾವುದಾದ್ರೂ ಹೇಳಿ.'

ಮೊಂಡುತನ ಎಂದುಕೊಂಡೆ. ಪುಸ್ತಕದಲ್ಲಿ ಸುಲಭವಾಗಿ ಅರ್ಥವಾಗುವ ಜನ ದಂಡೆಯಲ್ಲಿ ಪಕ್ಕದಲ್ಲೇ ಕೂತಾಗ ಅರ್ಥವಾಗುವುದಿಲ್ಲ.

ಆ ವರ್ಷ ಮಳೆಗೆ ಏನು ಅವಸರವಿತ್ತೋ, ಹಳ್ಳಗಳು ಒಂದರ ಮೇಲೊಂದು ಬಂದು ಬಿದ್ದವು. ಏರಿಯ ಕಲ್ಲುಗಳು ದಿನಕ್ಕೊಂದು ಸಾಲಿನಂತೆ ಮುಳುಗಿ, ಒಂದು ಬೆಳಿಗ್ಗೆ ನೋಡಿದರೆ ನೀರು ಕೋಡಿಯ ಅಂಚನ್ನು ಮುಟ್ಟಿ ತುಳುಕುತ್ತಿತ್ತು. ಸಂಜೆಯೊಳಗೆ ಹರಿಯುತ್ತದೆ ಎಂದು ಮಲಿಯಪ್ಪನವರು ಹೇಳಿದರು. ಕೊನೆಯ ದಿನ ಎಂದು ಊರೆಲ್ಲ ದಂಡೆಯಲ್ಲಿತ್ತು, ಕಿವಿ ಗುಂಯ್‌ಗುಡುವಷ್ಟು ಬಡಾಯಿ. ಹೊನ್ನೂರಮ್ಮನ ತಮ್ಮ ಶರಣಪ್ಪ ಆಗಲೇ ಟೆಂಪೊ ತಂದು ಊಟದ ಮನೆಯ ಮುಂದೆ ನಿಲ್ಲಿಸಿ, ಒಂದೊಂದೇ ಪಾತ್ರೆ ಏರಿಸುತ್ತಿದ್ದ. ದೊಡ್ಡ ಕೊಳಗ ಟೆಂಪೊದೊಳಗೆ ಬಿದ್ದ ಸದ್ದು ಏರಿಯ ಈ ತುದಿಗೂ ಕೇಳಿಸಿತು. ಪಾಲಾಕ್ಷ ಬೆಳಿಗ್ಗೆಯಿಂದ ಕೂತಲ್ಲಿಂದ ಎದ್ದಿರಲಿಲ್ಲ. ಅವನು ಅಂದು ಹೇಳಿದ ಸುಳ್ಳುಗಳನ್ನು ಕೇಳಿದ್ದರೆ ಯಾರಿಗಾದರೂ ಅಳು ಬರಬೇಕು, ಅಷ್ಟು ಪ್ರಾಮಾಣಿಕವಾಗಿದ್ದವು.

'ಇನ್ನೇನು ನೋಡ್ತೀರಿ,' ಎಂದು ನಾನು ಕಿವಿಯ ಬಳಿ ಹೇಳಿದೆ. 'ಆ ಉಪ್ಪಿನ ಮಾತು ಹೇಳಿಬಿಡಿ. ಅವಳು ಹೊರಟೇಹೋಗ್ತಾಳೆ.'

ಅವನು ತಲೆಯಾಡಿಸಿದ. ಕಣ್ಣು ಕಪ್ಪೆಯ ಮೇಲೇ ಇತ್ತು.

ಅಷ್ಟರಲ್ಲಿ ಹೊನ್ನೂರಮ್ಮ ಏರಿಯ ಮೇಲೆ ಬಂದಳು. ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ಮಜ್ಜಿಗೆಯ ತಂಬಿಗೆ. ಜನ ದಾರಿ ಬಿಟ್ಟರು. ಅವಳು ಬಂದು ಎರಡನ್ನೂ ಅವನ ಪಕ್ಕದಲ್ಲಿ ಕುಕ್ಕಿದಳು.

'ಊಟಕ್ಕೆ ಬರ್ಲಿಲ್ಲ.'

'ಇಲ್ಲಿ ಸ್ವಲ್ಪ ಕೆಲಸ ಇತ್ತು,' ಎಂದ ಪಾಲಾಕ್ಷ.

'ಕಾಣ್ತಾ ಇದೆ ಕೆಲಸ. ಏನಾದ್ರೂ ಸಿಕ್ತಾ?'

'ಇಲ್ಲ.'

'ಬೆಳಗಿಂದ ಇಲ್ವಾ?'

'ಇಲ್ಲ ಹೊನ್ನೂರಮ್ಮೋರೆ. ಯಾವ ಮಾತೂ ಮೀನಿಗೆ ಹಿಡೀತಿಲ್ಲ.'

'ಒಂದು ಸುಳ್ಳು!' ಎಂದಳು. ಅವಳ ದನಿ ಏರಿತು, ಸುತ್ತಲಿನ ಚಕ್ರವರ್ತಿಗಳೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. 'ಮೂರು ವರ್ಷದ ಕೂಸು ಹೇಳುತ್ತೆ ಒಂದು ಸುಳ್ಳು. ನಿಮ್ಮ ಕೈಲಿ ಆಗಲ್ಲ. ಆಗ್ಲಿ ಬಿಡಿ, ಕೂತ್ಕೊಳ್ಳಿ ಇಲ್ಲೇ. ನೀವು ಹಿಡಿದ್ರೇನು ಬಿಟ್ರೇನು, ನನಗೇನೂ ಆಗಬೇಕಾಗಿಲ್ಲ!'

ಜೊಂಡು ಸೀಳಿತು. ಕಪ್ಪೆ ಇದ್ದಲ್ಲಿ ನೀರು ಒಡೆದು, ಕಪ್ಪು ಬೆನ್ನೊಂದು ಮಗುಚಿ, ಕೋಲು ಪಾಲಾಕ್ಷನ ಕೈಯಲ್ಲಿ ಬಿಲ್ಲಿನಂತೆ ಬಾಗಿತು. ಹುಟ್ಟಿದಾರಭ್ಯ ಮೀನು ಹಿಡಿಯದವನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಎರಡೂ ಕೈಯಲ್ಲಿ ಕೋಲನ್ನು ಅಪ್ಪಿಕೊಂಡು ಕೂತಲ್ಲೇ ಜಾರತೊಡಗಿದ. 'ದಾರ ಸಡಿಲ ಬಿಡಬ್ಯಾಡಿ! ಕೋಲು ಎತ್ತಿ! ಎತ್ತಿ ಅಂದ್ರೆ!' ಎಂದು ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಳು. ಇಬ್ಬರೂ ಸೇರಿ ಎಳೆದರು. ಕಡೆಗೆ ಅದನ್ನು ಕಿವಿರಿಗೆ ಕೈ ಹಾಕಿ ದಂಡೆಗೆ ಎಸೆದವಳು ಅವಳೇ. ನಾನು ಕಂಡ ಕೊರವಗಳಲ್ಲೆಲ್ಲ ದೊಡ್ಡದು. ಹುಲ್ಲಿನ ಮೇಲೆ ಬಿದ್ದು ಬಾಲ ಬಡಿಯುತ್ತಿತ್ತು, ಬಾಯಲ್ಲಿ ಹಳದಿ ಹೊಟ್ಟೆಯ ಕಪ್ಪೆ.

ದಂಡೆಯ ಮೇಲಿದ್ದ ಅಷ್ಟೂ ಜನಕ್ಕೆ ಲೆಕ್ಕ ಗೊತ್ತಿತ್ತು: ಯಾವ ಮಾತಿಗೆ ಮೀನು ಬಂತು, ಹಾಗಾದರೆ ಆ ಮಾತು ಏನು. ಒಬ್ಬ ಹೆಂಗಸು ಇಷ್ಟು ಜನರೆದುರು ತನ್ನ ಮನಸ್ಸನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಮ್ಮ ಊರು ಕಂಡಿರಲಿಲ್ಲ. ಹೊನ್ನೂರಮ್ಮನಿಗೂ ಅದು ಆಗ ಹೊಳೆಯಿತೆಂದು ಕಾಣುತ್ತದೆ. ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡು ಮುಖಕ್ಕೆಲ್ಲ ಕೆಸರು ಮಾಡಿಕೊಂಡಳು.

'ಸಿಕ್ತಲ್ಲ ಮೀನು!' ಎಂದ ಶರಣಪ್ಪ, ಗಲಾಟೆ ಕೇಳಿ ಓಡಿ ಬಂದವನು. 'ಮುಗೀತಲ್ಲ. ನಡೀರಿ ಭಾವ, ಹೊಸಿಲಿಗೆ ಇಡಿ.'

'ಈ ಮೀನು ನಂದಲ್ಲ,' ಎಂದ ಪಾಲಾಕ್ಷ.

'ಅಯ್ಯೋ ಸುಮ್ನಿರಿ, ಯಾರಿಗೆ ಗೊತ್ತಾಗುತ್ತೆ?'

ಇಡೀ ಊರು ಅವನ ಮುಖ ನೋಡಿತು. ಬೆಟ್ಟದಾಚೆಯವನು, ಅವನನ್ನು ದೂರಿ ಪ್ರಯೋಜನವಿಲ್ಲ.

'ಕೋಲು ನಂದು, ಕಪ್ಪೆ ನಾನು ಕೆತ್ತಿದ್ದು,' ಎಂದ ಪಾಲಾಕ್ಷ, ಬಹಳ ಕಷ್ಟಪಟ್ಟು. 'ಹುಸಿ ನಂದಲ್ಲ. ಹುಸಿ ಅವರದು. ಹಂಗಾಗಿ ಮೀನೂ ಅವರದೇ. ಅಲ್ವಾ ಯಜಮಾನ್ರೇ?'

ಮಲಿಯಪ್ಪನವರು ಛತ್ರಿ ಮಡಚಿದರು. ಅವರಿಗೆ ಪಾಲಾಕ್ಷನ ಮೇಲೆ ಮಮತೆಯಿತ್ತು, ಆದರೆ ದಂಡೆಯ ಮೇಲೆ ಕೂತು ಬೇರೆ ಮಾತು ಹೇಳುವಂತಿರಲಿಲ್ಲ. 'ಹೌದು ಕಣಪ್ಪ. ಹುಸಿ ಹೇಳಿದವರದ್ದೇ ಮೀನು. ಅದು ಹೊನ್ನೂರಮ್ಮಂದು.'

ಪಾಲಾಕ್ಷ ಕಪ್ಪೆಯನ್ನು ಮೀನಿನ ಬಾಯಿಂದ ಬಿಡಿಸಿ, ಕೊರವವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ. ಅತ್ತ ಕೋಡಿಯ ಕಲ್ಲಿನ ಮೇಲೆ ನೀರಿನ ಮೊದಲ ಎಳೆ ಆಚೆಗೆ ಜಾರಿತು, ಯಾರೋ 'ಹರೀತು!' ಎಂದು ಕೂಗಿದರು. ಅಭ್ಯಾಸದಂತೆ ಎಲ್ಲರೂ ಕೋಲು ಎತ್ತಿದರು. ಅಲ್ಲಿಗೆ ಪಾಲಾಕ್ಷನ ಗಡುವು ಮುಗಿದಿತ್ತು.

ಹೊನ್ನೂರಮ್ಮ ಮೀನನ್ನು ತೆಗೆದುಕೊಂಡಳು. ಮಲಿಯಪ್ಪನವರ ಕಡೆ ತಿರುಗಿದಳು.

'ಯಜಮಾನ್ರೇ, ಹೊಸಿಲಿಗೆ ಮೀನು ಇಡಬೇಕು ಅಂತಾರಲ್ಲ. ಯಾರ ಹೊಸಿಲು ಅಂತ ಹೇಳವ್ರಾ?'

'ಯಾರದ್ದು ಅಂದ್ರೆ... ಹೆಣ್ಣಿಂದು.'

'ಹಂಗಂತ ಯಾರು ಹೇಳಿದ್ದು?'

ಮಲಿಯಪ್ಪನವರು ಗಡ್ಡ ಕೆರೆದುಕೊಂಡರು. ತಮ್ಮ ಅಪ್ಪ ಹೇಳಿದ್ದು, ಅಜ್ಜ ಹೇಳಿದ್ದು ಎಲ್ಲ ನೆನಪು ಮಾಡಿಕೊಂಡರು. 'ಕೇಳೋರು ಇಡಬೇಕು ಅಂತಷ್ಟೇ ಇದೆ ಕಣವ್ವ,' ಎಂದರು ಕಡೆಗೆ. 'ಹೆಣ್ಣು ಕೇಳಬಾರದು ಅಂತ ಎಲ್ಲೂ ಇಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆಯ.'

'ಹಂಗಾದ್ರೆ ಸರಿ,' ಎಂದು ಅವಳು ಏರಿ ಹತ್ತಿ ನಡೆದಳು. ಹಿಂದೆ ನಾವೆಲ್ಲ. ಪಾಲಾಕ್ಷನಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಅವನ ಕೋಳಿಗಳು ದಿಕ್ಕಾಪಾಲಾಗಿ ಓಡಿ, ಅವನ ಹೊಸಿಲ ಮೇಲೆ ಕೊರವ ಮಲಗಿತ್ತು. ಒಳಗಿನಿಂದ ಮನೆಯ ಹಿರಿಯರು 'ಏನು ತಂದಿರಿ' ಎಂದು ಕೇಳುವುದು ಪದ್ಧತಿ. ಅವನ ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ಲವಾಗಿ ನನ್ನನ್ನು ಹಿತ್ತಿಲ ಬಾಗಿಲಿಂದ ಒಳಗೆ ನೂಕಿದರು. ನಾನು ಗಂಟಲು ಸರಿಮಾಡಿಕೊಂಡು, 'ಏನು ತಂದೆಯವ್ವ?' ಎಂದೆ. 'ನನ್ನ ಹುಸಿ ತಂದೆ,' ಎಂದಳು ಹೊನ್ನೂರಮ್ಮ. ಅದು ಪದ್ಧತಿಯ ಮಾತೇ, ಆದರೂ ನನ್ನ ಕಣ್ಣು ಮಂಜಾಯಿತು. ಇಂಥದ್ದನ್ನು ಪುಸ್ತಕದಲ್ಲಿ ಓದಿದ್ದರೆ ಪುಟ ಮಗುಚಿ ಮುಂದೆ ಹೋಗುತ್ತಿದ್ದೆ.

ಮೀನು ಆ ಮನೆಯ ಒಲೆಯಲ್ಲಿ ಬೇಯಬೇಕು. ಪಾಲಾಕ್ಷನಿಗೆ ಗಂಜಿ ಬಿಟ್ಟು ಬೇರೇನೂ ಬಾರದು, ಹಾಗಾಗಿ ಹೊನ್ನೂರಮ್ಮನೇ ಒಲೆಯ ಮುಂದೆ ಕೂತಳು. ಹುಣಸೆಹುಳಿ, ಖಾರ, ಕೊತ್ತಂಬರಿ ಎಲ್ಲ ಅಳೆದೇ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾರು ಉಕ್ಕುವ ಹೊತ್ತಿಗೆ ಅವಳ ಕೈ ಮೆಲ್ಲಗೆ ಉಪ್ಪಿನ ಮಡಕೆಯ ಕಡೆ ಹೋಯಿತು. ತಡೆಯಬಹುದಿತ್ತು. ತಡೆಯಲಿಲ್ಲ.

ಎಲೆ ಹಾಕಿ ಕೂತೆವು: ಮಲಿಯಪ್ಪನವರು, ಶರಣಪ್ಪ, ನಾನು, ಪಾಲಾಕ್ಷ. ಹೊನ್ನೂರಮ್ಮ ಸೌಟು ಹಿಡಿದು ನಿಂತಳು. ಶರಣಪ್ಪ ಅನ್ನಕ್ಕೆ ಇನ್ನೂ ಕೈ ಹಾಕುವ ಮೊದಲೇ, 'ಆಹಾ ಅಕ್ಕ, ಅಮೃತ ಕಣಕ್ಕ, ಅಮೃತ!' ಎಂದ. ಹೊನ್ನೂರಮ್ಮ ಅವನ ಕಡೆ ನೋಡಲಿಲ್ಲ. ಅಷ್ಟು ದಿನ ಕೇಳಬೇಕೆಂದಿದ್ದ ಮಾತು ಅವಳ ಕಿವಿಯ ಪಕ್ಕದಲ್ಲಿ ಸೊಳ್ಳೆಯ ಹಾಗೆ ಹಾರಿ ಹೋಯಿತು.

ಮಲಿಯಪ್ಪನವರು ಒಂದು ತುತ್ತು ತಿಂದು, 'ಉಪ್ಪು ಜಾಸ್ತಿ ಕಣವ್ವ,' ಎಂದರು. ನಾನೂ ಅದನ್ನೇ ಹೇಳಿದೆ. ಜಾಸ್ತಿ ಎಂದರೆ ಸಾಮಾನ್ಯ ಜಾಸ್ತಿಯಲ್ಲ. ಸಂಭ್ರಮಕ್ಕೆ ಅವಳ ಕೈ ಎರಡು ಸಲ ಹೋಗಿಬಂದಿತ್ತು. ಅವಳು ಹೂಂ ಎಂದಳು, ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದಳು, ಆಮೇಲೆ ಪಾಲಾಕ್ಷನ ಕಡೆ ತಿರುಗಿದಳು. ಕೇಳಲಿಲ್ಲ. ಅವನು ದಿನಾ ಏನು ಹೇಳುತ್ತಾನೋ ಅದನ್ನು ಕೇಳಲು ನಿಂತಳು, ಅಷ್ಟೆ.

ಪಾಲಾಕ್ಷ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟ. ಅಗಿದ. ಅವನ ಕಿವಿಗಳು ಕೆಂಪಾದವು. ನುಂಗಿದ.

'ಉಪ್ಪು ಹದವಾಗಿದೆ,' ಎಂದ.

ಮುಂದೆ ಏನಾದರೂ ಸೇರಿಸುತ್ತಾನೆ ಎಂದು ನಾವೆಲ್ಲ ಕಾದೆವು. ಸೇರಿಸಲಿಲ್ಲ. ನಾನು ತುತ್ತನ್ನು ಎಲೆಯ ಮೇಲೆ ಇಳಿಸಿದೆ. ದಂಡೆಯ ಮೇಲೆ ಎರಡು ಸಲ ನಾನು ಬೇಡಿಕೊಂಡದ್ದು ಇದನ್ನೇ; ಅವಳು ಹೊರಟುಹೋಗುವಳೆಂದು ಗೊತ್ತಿದ್ದೂ ಅವನು ಇದೊಂದನ್ನು ಮೀನಿಗೆ ಹೇಳಿ ಎಂಜಲು ಮಾಡದೆ ಇಟ್ಟುಕೊಂಡಿದ್ದ. ಅವನ ಹೊಟ್ಟೆಯಲ್ಲಿದ್ದ ಸುಳ್ಳು ಅದೊಂದೇ.

ಮಲಿಯಪ್ಪನವರಿಗೆ ತಡೆದುಕೊಳ್ಳಲಾಗಲಿಲ್ಲ. 'ಅಯ್ಯೋ ಪಾಲಾಕ್ಷ,' ಎಂದರು, ಮನೆಯ ಎತ್ತು ಕಳೆದುಕೊಂಡವರ ದನಿಯಲ್ಲಿ, 'ಎಂಥ ಹುಸಿನೋ ಅದು! ನೆಲಕ್ಕೆ ಚೆಲ್ಲಿಬಿಟ್ಟೆಯಲ್ಲೋ! ಬಾಳೆಮೀನು ಬರೋದಲ್ಲೋ ಅದಕ್ಕೆ, ಬೇಸಿಗೆ ಬಾಳೆಮೀನು!'

ಪಾಲಾಕ್ಷ ಇನ್ನೊಂದು ತುತ್ತು ಕಲಸುತ್ತಿದ್ದ. ಹೊನ್ನೂರಮ್ಮ ಬಗ್ಗಿ ಅವನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ತಂಬಿಗೆಯನ್ನು ಅವನ ಹತ್ತಿರಕ್ಕೆ ಸರಿಸಿ, ನೆಲವನ್ನು ನೋಡುತ್ತ, 'ಮಜ್ಜಿಗೆ ಹಾಕ್ಲಾ?' ಎಂದಳು.

ಪಾಲಾಕ್ಷನ ಕಣ್ಣಲ್ಲಿ ನೀರು ತುಂಬಿತ್ತು. ಅದು ಉಪ್ಪಿಗೆ.

'ಬ್ಯಾಡ,' ಎಂದ. 'ಬಾಯಾರಿಕೆ ಇಲ್ಲ.'

'ಇನ್ನೊಂದು!' ಎಂದು ಮಲಿಯಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತರು.